ಮೀಟರ್ 50 ತೋರಿಸ್ತಿತ್ತು, ರಾಕರ್ ಒಣಗಿತ್ತು

ಹಳೇ ಕಾರಿನ ಇಂಜಿನ್ ಬಿಚ್ಚೋದು ಸುಲಭ. ಕಟ್ಟೋದೂ ಅಂಥಾ ಕಷ್ಟವೇನಲ್ಲ. ಪುಸ್ತಕ ಇದೆ, ಯೂಟ್ಯೂಬ್ ಇದೆ, ಕೈ ಹಿಡಿದು ಹೇಳಿಕೊಡೋ ಮಿಸ್ತ್ರಿಗಳು ನಮ್ಮ ಕಡೆ ಇನ್ನೂ ಇದ್ದಾರೆ. ನಿಜವಾದ ಪರೀಕ್ಷೆ ಇರೋದು ಕಟ್ಟಿ ಮುಗಿಸಿ ಮೊದಲ ಸಲ ಸ್ಟಾರ್ಟ್ ಮಾಡಿದಾಗಿನ ಎರಡು ನಿಮಿಷದಲ್ಲಿ. ಆ ಹೊತ್ತಿಗೆ ಎಣ್ಣೆ ತಲುಪಬೇಕಾದ ಕಡೆಗೆಲ್ಲ ತಲುಪಿರದಿದ್ದರೆ ತಿಂಗಳುಗಟ್ಟಲೆ ಮಾಡಿದ ಕೆಲಸ, ಸುರಿದ ದುಡ್ಡು ಎರಡೂ ನೀರುಪಾಲು.

ಹೊಸ ಕಾರಿನವರಿಗೆ ಎಣ್ಣೆ ಅಂದರೆ ವರ್ಷಕ್ಕೊಮ್ಮೆ ಸರ್ವಿಸ್ ಬಿಲ್ಲಿನಲ್ಲಿ ಕಾಣುವ ಒಂದು ಸಾಲು. ಹಳೇ ಇಂಜಿನ್ ಕಟ್ಟುವವರಿಗೆ ಅದೇ ಎಲ್ಲಾ. ನಮ್ಮ ಮನೆಯ ಅಂಬಾಸಿಡರ್ ಕಟ್ಟುವಾಗ ಎಣ್ಣೆಯ ದಾರಿ ಹಿಡಿದು ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನಿಮ್ಮಲ್ಲಿ ಹಳೇ ಕಾರು ಇಲ್ಲದಿದ್ದರೂ ಓದಿ. ಡ್ಯಾಶ್‌ಬೋರ್ಡಿನ ಮೇಲೆ ಎಣ್ಣೆ ಕುಡಿಕೆಯ ಚಿತ್ರದ ಕೆಂಪು ದೀಪ ನಿಮ್ಮ ಕಾರಿನಲ್ಲೂ ಇದೆ.

ಹೊಳಿ ಬಂದ ವರ್ಷ

ನಮ್ಮದು ಕಾಗವಾಡ ತಾಲ್ಲೂಕಿನ ಕೃಷ್ಣಾ ದಂಡೆಯ ಊರು. ಅಜ್ಜ ಸೆಕೆಂಡ್ ಹ್ಯಾಂಡಲ್ಲಿ ತಂದ 1976ರ ಅಂಬಾಸಿಡರ್ ಮಾರ್ಕ್ 3 ನಮ್ಮ ಮನೆಯಲ್ಲಿತ್ತು. ನಿಪ್ಪಾಣಿಯ ತಂಬಾಕು ಪೇಟೆಗೆ, ಮಿರಜದ ಆಸ್ಪತ್ರೆಗೆ, ಅಥಣಿಯ ಮದುವೆಗಳಿಗೆ, ಚಿಕ್ಕೋಡಿಯ ಕೋರ್ಟಿಗೆ, ರಾಯಬಾಗ ಸ್ಟೇಷನ್ನಿಗೆ ಅದೇ ಗಾಡಿ. ಒಳಗೆ ಎಷ್ಟು ಜನ ಹಿಡಿಸ್ತಾರೆ ಅಂತ ಯಾರೂ ಎಣಿಸಿದವರಲ್ಲ.

2019ರ ಆಗಸ್ಟ್‌ನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ಮೂರೂ ಒಟ್ಟಿಗೆ ಉಕ್ಕಿದವು. ನಿಪ್ಪಾಣಿ ಹತ್ತಿರ ಯಮಗರ್ಣಿಯಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯೇ ನೀರಲ್ಲಿ ಮುಳುಗಿತ್ತು. ನಮ್ಮ ಹಳೇ ಮನೆಯ ಮಣ್ಣಿನ ಗೋಡೆಗಳು ನೀರಲ್ಲಿ ನೆನೆದು ನೆನೆದು ಕೂತವು. ನೀರು ಇಳಿದ ಮೇಲೆ ಆ ಮನೆಯದು ಅಂತ ಉಳಿದದ್ದು ಎರಡು ತಾಮ್ರದ ಹಂಡೆ ಮತ್ತು ಬಾನೆಟ್ ತನಕ ಕೆಸರು ತುಂಬಿದ್ದ ಈ ಕಾರು.

ಆಗ ನಮ್ಮಪ್ಪ ಮಾಡಿದ ಒಂದು ಕೆಲಸಕ್ಕೆ ಇವತ್ತಿಗೂ ನಾನು ಕೈ ಮುಗಿಯುತ್ತೇನೆ. ಯಾರು ಎಷ್ಟು ಹೇಳಿದರೂ ಕೀಲಿ ತಿರುಗಿಸಲಿಲ್ಲ. ನೀರು ಹೊಕ್ಕ ಇಂಜಿನ್ ಸ್ಟಾರ್ಟ್ ಮಾಡಬಾರದು. ಗಾಳಿಯ ಹಾಗೆ ನೀರು ಕುಗ್ಗುವುದಿಲ್ಲ. ಪಿಸ್ಟನ್ ಮೇಲೇರಿದಾಗ ಕನೆಕ್ಟಿಂಗ್ ರಾಡೇ ಬಾಗಿಬಿಡುತ್ತೆ. ಚಿಕ್ಕೋಡಿಯಿಂದ ಮಿಸ್ತ್ರಿ ಬಂದು ಪ್ಲಗ್ ಬಿಚ್ಚಿ ನೀರು ಹೊರಹಾಕಿ, ಪ್ರತಿ ಬೋರಿಗೂ ಡೀಸೆಲ್ ಸುರಿದು, ಚೇಂಬರಿನ ಎಣ್ಣೆ ಇಳಿಸಿದರು. ಇಳಿದ ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕಿತ್ತು. ಕಾರನ್ನು ಎತ್ತರದ ಹೊಲದ ಶೆಡ್ಡಿಗೆ ತಳ್ಳಿಕೊಂಡು ಹೋಗಿ ಬಿಟ್ಟೆವು. ಗುಜರಿಯವರು ನಾಲ್ಕು ಸಲ ಬಂದು ಕೇಳಿ ಹೋದರು. ಅಪ್ಪ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ವಾರಾಂತ್ಯಕ್ಕೆ ಊರಿಗೆ ಬಂದಾಗೆಲ್ಲ ಆ ಶೆಡ್ಡು ಕಣ್ಣಿಗೆ ಬೀಳೋದು. ನಾಲ್ಕು ವರ್ಷ ಹಾಗೇ ಹೋಯಿತು. ಕೊನೆಗೆ ಅದೇ ಮಿಸ್ತ್ರಿಯ ಜೊತೆ ಕೂತು ಇಂಜಿನ್ ಇಳಿಸಿದೆವು.

ಯಾಕೆ ಇಷ್ಟು ಹೆದರಿಕೆ?

ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರೇ ಅಂಬಾಸಿಡರ್‌ನ ಮೂಲ. ಹಿಂದೂಸ್ತಾನ್ ಮೋಟಾರ್ಸ್ ಇದನ್ನು ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಿಸುತ್ತಿತ್ತು. 2014ರ ಮೇನಲ್ಲಿ ಉತ್ಪಾದನೆ ನಿಂತಿತು. ನಮ್ಮ ಗಾಡಿಯಲ್ಲಿರೋದು ಬಿಎಂಸಿ ಬಿ-ಸೀರೀಸ್‌ನ 1489 ಸಿಸಿ ಪೆಟ್ರೋಲ್ ಇಂಜಿನ್. ನಾಲ್ಕು ಸಿಲಿಂಡರ್, ಕ್ರ್ಯಾಂಕ್ ಹೊತ್ತು ನಿಲ್ಲುವ ಮೇನ್ ಬೇರಿಂಗ್ ಮೂರೇ ಮೂರು.

ಕ್ರ್ಯಾಂಕ್ ಸವೆದರೆ ಅದನ್ನು ಗ್ರೈಂಡ್ ಮಾಡಿ, ಅಷ್ಟೇ ದಪ್ಪ ಹೆಚ್ಚಿರುವ ಬೇರಿಂಗ್ ಹಾಕುತ್ತಾರೆ. ಇದನ್ನು ಅಳೆಯೋದು ಇಂಚಿನ ಸಾವಿರದ ಒಂದು ಭಾಗದಲ್ಲಿ. ಮಿಸ್ತ್ರಿಗಳ ಮಾತಿನಲ್ಲಿ ‘ಥೌ’. 10, 20, 30, 40 ಅಂತ ಸೈಜುಗಳು. ನಮ್ಮ ಕ್ರ್ಯಾಂಕ್ ಅಜ್ಜನ ಕಾಲಕ್ಕೇ 20 ಆಗಿತ್ತು. ಕೆಸರು ನೀರಲ್ಲಿ ನಿಂತು ತುಕ್ಕಿನ ಕಲೆ ಬಿದ್ದಿದ್ದರಿಂದ ಈಗ 30ಕ್ಕೆ ಇಳಿಸಬೇಕಾಯಿತು. ಅಂದರೆ ಉಳಿದದ್ದು 40ರ ಒಂದೇ ಸೈಜು. ಮೊದಲ ಸ್ಟಾರ್ಟಿನಲ್ಲಿ ಬೇರಿಂಗ್ ಒಣಗಿ ಕ್ರ್ಯಾಂಕ್ ಕೆರೆದುಕೊಂಡರೆ, ಅದೇ ಕೊನೆಯ ಅವಕಾಶ. ಅದಾದ ಮೇಲೆ ಬೇರೆ ಕ್ರ್ಯಾಂಕ್ ಹುಡುಕಿಕೊಂಡು ಊರೂರು ಅಲೀಬೇಕು.

ಎಣ್ಣೆಯ ಕಾಲುವೆ

ಇಂಜಿನ್ನಿನೊಳಗೆ ಎಣ್ಣೆ ಹೋಗುವ ದಾರಿಯನ್ನು ಮೊದಲು ಒಂದು ಹಾಳೆ ಮೇಲೆ ಬರೆದುಕೊಳ್ಳಿ. ನಾನು ಗೋಡೆಗೆ ಅಂಟಿಸಿದ್ದೆ.

ಕೆಳಗಿನ ಚೇಂಬರಿನಲ್ಲಿ ಸುಮಾರು 4 ಲೀಟರ್ ಎಣ್ಣೆ. ಅದರಲ್ಲಿ ಮುಳುಗಿರುವ ಜಾಲರಿ ಮತ್ತು ಹೀರುವ ಪೈಪು. ಅಲ್ಲಿಂದ ಪಂಪು, ಇದನ್ನು ತಿರುಗಿಸೋದು ಕ್ಯಾಮ್‌ಶಾಫ್ಟ್. ಪಂಪಿನ ಪಕ್ಕದ ದಾರಿಯಲ್ಲಿ ರಿಲೀಫ್ ವಾಲ್ವ್, ಅಂದರೆ ಒಂದು ಸ್ಪ್ರಿಂಗ್ ಮತ್ತು ಒಂದು ಬೆಂಡು. ಒತ್ತಡ ಮಿತಿ ದಾಟಿದರೆ ಹೆಚ್ಚಿನ ಎಣ್ಣೆಯನ್ನು ವಾಪಸ್ ಚೇಂಬರಿಗೆ ಬಿಡುತ್ತೆ. ಮುಂದೆ ಫಿಲ್ಟರ್. ಫಿಲ್ಟರ್ ದಾಟಿದರೆ ಬ್ಲಾಕಿನ ಉದ್ದಕ್ಕೂ ಕೊರೆದ ಮುಖ್ಯ ನಾಳ. ಅಲ್ಲಿಂದ ಮೂರು ಮೇನ್ ಬೇರಿಂಗಿಗೆ, ಕ್ರ್ಯಾಂಕಿನ ಒಳಗೆ ಓರೆಯಾಗಿ ಕೊರೆದ ರಂಧ್ರಗಳ ಮೂಲಕ ನಾಲ್ಕು ಬಿಗ್ ಎಂಡಿಗೆ, ಕ್ಯಾಮ್ ಬೇರಿಂಗುಗಳಿಗೆ. ಕಟ್ಟಕಡೆಗೆ ಒಂದು ಸಣ್ಣ ಕವಲು ಬ್ಲಾಕಿನಿಂದ ಹೆಡ್ಡಿಗೆ ಏರಿ, ರಾಕರ್ ಸ್ಟ್ಯಾಂಡ್ ಹೊಕ್ಕು, ಪೊಳ್ಳಾದ ರಾಕರ್ ಶಾಫ್ಟ್ ಒಳಗೆ ಹರಿಯುತ್ತೆ. ವಾಲ್ವುಗಳನ್ನು ಒತ್ತುವ ರಾಕರ್‌ಗಳಿಗೆ ಜೀವ ಕೊಡೋದು ಈ ಕವಲು. ಅಲ್ಲಿ ಸುರಿದ ಎಣ್ಣೆ ಪುಶ್ ರಾಡ್ ರಂಧ್ರಗಳಿಂದ ಮತ್ತೆ ಕೆಳಗಿಳಿಯುತ್ತೆ.

ರಾಯಬಾಗ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಘಟಪ್ರಭಾ ಎಡದಂಡೆ ಕಾಲುವೆಗೆ ನೀರು ಬಿಟ್ಟರು ಅಂದ ಮಾತ್ರಕ್ಕೆ ಕೊನೆಯ ಹೊಲಕ್ಕೆ ನೀರು ಮುಟ್ಟಿತು ಅಂತ ಅರ್ಥವೇ? ನಮ್ಮ ಇಂಜಿನ್ನಿನಲ್ಲಿ ರಾಕರ್ ಶಾಫ್ಟೇ ಆ ಕೊನೆಯ ಹೊಲ.

ಒತ್ತಡ ಬೇರೆ, ಹರಿವು ಬೇರೆ

ಈ ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಮೀಟರ್ ತೋರಿಸೋದು ಒತ್ತಡ. ಅದೂ ಮೀಟರ್ ಕೂತಿರುವ ಜಾಗದ ಒತ್ತಡ. ಎಣ್ಣೆ ಹರಿಯುತ್ತಿದೆಯೋ ಇಲ್ಲವೋ ಅನ್ನೋದನ್ನ ಅದು ಹೇಳೋದಿಲ್ಲ.

ಕಬ್ಬಿಗೆ ಡ್ರಿಪ್ ಹಾಕಿಸಿದವರಿಗೆ ಇದು ಅನುಭವದ ಮಾತು. ಪೈಪಿನ ತೂತುಗಳು ಕಟ್ಟಿಕೊಂಡರೆ ಪಂಪಿನ ಹತ್ತಿರದ ಗೇಜಿನಲ್ಲಿ ಒತ್ತಡ ಇಳಿಯೋದಿಲ್ಲ, ಏರುತ್ತೆ! ಹೊಲ ಮಾತ್ರ ಒಣಗುತ್ತೆ. ಪೈಪು ಎಲ್ಲೋ ಒಡೆದರೆ ನೀರು ಬೇಕಾದಷ್ಟು ಹರಿಯುತ್ತೆ, ಗೇಜು ಬೀಳುತ್ತೆ. ಇಂಜಿನ್ನಿನಲ್ಲೂ ಹಾಗೇ. ಒತ್ತಡ ಹುಟ್ಟೋದು ಪಂಪು ತಳ್ಳಿದ ಎಣ್ಣೆಗೆ ಬೇರಿಂಗಿನ ಸಣ್ಣ ಸಂದುಗಳು ಅಡ್ಡ ನಿಲ್ಲೋದರಿಂದ. ಸಂದು ದೊಡ್ಡದಾದರೆ ಒತ್ತಡ ಬೀಳುತ್ತೆ. ದಾರಿ ಮುಚ್ಚಿಹೋದರೆ ಒತ್ತಡ ಚೆಂದ ಕಾಣುತ್ತೆ, ಬೇರಿಂಗ್ ಸುಡುತ್ತೆ.

ನಾಲ್ಕು ವರ್ಷದ ಕೆಸರು

ನಮ್ಮ ಇಂಜಿನ್ನಿನ ದೊಡ್ಡ ಶತ್ರು ಹೊಳೆಯ ಎರೆ ಮಣ್ಣು. ಎಣ್ಣೆಯ ಜೊತೆ ಕಲೆತು ಒಣಗಿದರೆ ಅದು ಇಟ್ಟಿಗೆಯಂತೆ ಗಟ್ಟಿ. ಬ್ಲಾಕು, ಹೆಡ್ಡು, ಕ್ರ್ಯಾಂಕು ಮೂರೂ ಕೊಲ್ಹಾಪುರದ ಒಂದು ಮಷೀನ್ ಶಾಪಿಗೆ ಹೋಗಿ ಬಂದವು.

ನಮ್ಮ ಐದೂ ತಾಲ್ಲೂಕುಗಳಿಗೆ ಇದೊಂದು ಅನುಕೂಲ. ಒಂದು ಕಡೆ ಕೊಲ್ಹಾಪುರದ ಫೌಂಡ್ರಿಗಳು, ಇನ್ನೊಂದು ಕಡೆ ಬೆಳಗಾವಿಯ ಉದ್ಯಮಬಾಗ. ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಸೈಕಲ್ ಅಂಗಡಿ ಹಾಕಿದ್ದು ಬೆಳಗಾವಿಯಲ್ಲಿ. 1910ರಲ್ಲಿ ಅವರು ಕಾರ್ಖಾನೆ ಕಟ್ಟಿದ ಕಿರ್ಲೋಸ್ಕರವಾಡಿ ಮಿರಜದಿಂದ ದೂರವಿಲ್ಲ. ಉಗಾರದಂಥ ಸಕ್ಕರೆ ಕಾರ್ಖಾನೆಗಳು, ಹೊಳೆ ದಂಡೆಯ ಡೀಸೆಲ್ ಪಂಪುಗಳು ಸೇರಿ ಈ ಭಾಗದಲ್ಲಿ ಕಬ್ಬಿಣ ಬಲ್ಲ ಕೈಗಳನ್ನು ತಲೆಮಾರುಗಟ್ಟಲೆ ಸಾಕಿವೆ.

ಆದರೂ ಒಂದು ನಿಯಮ: ಶಾಪಿನಿಂದ ತೊಳೆದು ಬಂದ ಬ್ಲಾಕನ್ನು ಮನೆಯಲ್ಲಿ ಮತ್ತೊಮ್ಮೆ ತೊಳೀಬೇಕು. ಗ್ರೈಂಡಿಂಗ್, ಬೋರಿಂಗ್ ಮಾಡಿದಾಗ ಹಾರಿದ ಕಬ್ಬಿಣದ ಪುಡಿಯೂ ಇದೇ ರಂಧ್ರಗಳಲ್ಲಿ ಕೂತಿರುತ್ತೆ. ಮುಖ್ಯ ನಾಳದ ತುದಿಯ ಮುಚ್ಚಳಗಳನ್ನು ತೆಗೆಯದೆ ಒಳಗೆ ಬ್ರಷ್ ಹೋಗೋದಿಲ್ಲ. ರಾಕರ್ ಶಾಫ್ಟಿನ ತುದಿಯ ಸ್ಕ್ರೂ ಬಿಚ್ಚಿದರೆ ಒಳಗಿನ ಜಿಡ್ಡು ಕಾಣುತ್ತೆ. ಕ್ರ್ಯಾಂಕಿನ ಓರೆ ರಂಧ್ರಗಳಿಗೆ ಸಣ್ಣ ಬಾಟಲಿ ಬ್ರಷ್, ಸೀಮೆಎಣ್ಣೆ ಅಥವಾ ಡೀಸೆಲ್. ಆಮೇಲೆ ಸೋಪಿನ ಬಿಸಿ ನೀರು, ಕಂಪ್ರೆಸರ್ ಗಾಳಿ, ತಕ್ಷಣ ತೆಳು ಎಣ್ಣೆ. ಎರಡು ಭಾನುವಾರ ನಮಗೆ ಇದೊಂದೇ ಕೆಲಸ.

ಕೂದಲಿನಷ್ಟು ಸಂದು

ಮುಂದಿನದು ಬೇರಿಂಗ್ ಮತ್ತು ಕ್ರ್ಯಾಂಕಿನ ನಡುವಿನ ಸಂದು. ಲೆಕ್ಕಕ್ಕೆ ಹಿಡಿಯೋ ಹಳೇ ಸೂತ್ರ, ಕ್ರ್ಯಾಂಕಿನ ಪ್ರತಿ ಇಂಚು ದಪ್ಪಕ್ಕೆ ಸುಮಾರು ಒಂದು ಥೌ. ನಿಮ್ಮ ಇಂಜಿನ್ನಿನ ಖಚಿತ ಅಂಕಿ ವರ್ಕ್‌ಶಾಪ್ ಮ್ಯಾನ್ಯುಯಲ್‌ನಲ್ಲಿರುತ್ತೆ, ಅದೇ ಅಂತಿಮ.

ಇಲ್ಲಿ ನಮ್ಮ ಇಂಜಿನಿಯರಿಂಗ್ ಪಾಠ ಕೆಲಸಕ್ಕೆ ಬಂತು. ತೆಳುವಾದ ಸಂದಿನಲ್ಲಿ ಹರಿಯುವ ಎಣ್ಣೆಯ ಪ್ರಮಾಣ ಸಂದಿನ ಅಗಲದ ಘನಕ್ಕೆ ತಕ್ಕಂತೆ ಏರುತ್ತೆ. ಸಂದು ಎರಡು ಪಟ್ಟಾದರೆ ಸೋರಿಕೆ ಎಂಟು ಪಟ್ಟು! ಒಂದೇ ಒಂದು ಬೇರಿಂಗ್ ಸಡಿಲ ಇದ್ದರೂ ಸಾಕು; ಪಂಪು ಕಳಿಸಿದ ಎಣ್ಣೆಯೆಲ್ಲ ಅಲ್ಲೇ ಸೋರಿ, ದೂರದ ಬೇರಿಂಗಿಗೆ ಬರಗಾಲ. ಮೇಲಿನವನು ಕಾಲುವೆ ಒಡೆದು ನೀರು ತಿರುಗಿಸಿಕೊಂಡ ಹಾಗೆ.

ಅಳೆಯೋಕೆ ಪ್ಲಾಸ್ಟಿಗೇಜ್ ಅನ್ನೋ ಮೆತ್ತನೆ ದಾರ ಸಿಗುತ್ತೆ. ಒಣ ಕ್ರ್ಯಾಂಕಿನ ಮೇಲೆ ಒಂದು ತುಂಡು ಇಟ್ಟು, ಕ್ಯಾಪನ್ನು ಹೇಳಿದಷ್ಟೇ ಟಾರ್ಕಿಗೆ ಬಿಗಿದು, ಕ್ರ್ಯಾಂಕ್ ತಿರುಗಿಸದೆ ಮತ್ತೆ ಬಿಚ್ಚಬೇಕು. ದಾರ ಎಷ್ಟು ಅಗಲ ಚಪ್ಪಟೆಯಾಗಿದೆಯೋ ನೋಡಿ, ಜೊತೆಗೆ ಬಂದ ಪಟ್ಟಿಗೆ ಹೋಲಿಸಿದರೆ ಸಂದು ಗೊತ್ತಾಗುತ್ತೆ. ಮೂರು ಮೇನ್, ನಾಲ್ಕು ಬಿಗ್ ಎಂಡ್, ಏಳನ್ನೂ ಅಳೆದು ಬರೆದಿಟ್ಟೆವು. ಏಳೂ ಮಿತಿಯೊಳಗೆ ಇದ್ದವು. ಬೇರಿಂಗಿನ ತೂತು ಬ್ಲಾಕಿನ ತೂತಿಗೆ ಸರಿಯಾಗಿ ಕೂತಿದೆಯೇ ಅನ್ನೋದನ್ನೂ ಇಲ್ಲೇ ನೋಡಿಬಿಡಿ. ಕ್ಯಾಮ್ ಬೇರಿಂಗಿನಲ್ಲಿ ತೂತು ಸ್ವಲ್ಪ ಸರಿದು ಕೂತರೂ ಆ ಕವಲು ಅಲ್ಲಿಗೇ ಬಂದ್.

ಪ್ಲಗ್ ಬಿಚ್ಚಿ ತಿರುಗಿಸಿ

ಕಟ್ಟಿದ ಇಂಜಿನ್ನನ್ನು ನೇರ ಸ್ಟಾರ್ಟ್ ಮಾಡೋದಲ್ಲ. ಸ್ಪಾರ್ಕ್ ಪ್ಲಗ್ ನಾಲ್ಕೂ ಬಿಚ್ಚಿ, ಬೆಂಕಿ ಇಲ್ಲದೆ, ಕಂಪ್ರೆಷನ್ ಇಲ್ಲದೆ ಸ್ಟಾರ್ಟರಿನಿಂದ ತಿರುಗಿಸಬೇಕು. ಬೇರಿಂಗಿನ ಮೇಲೆ ಭಾರ ಬೀಳೋದಿಲ್ಲ, ಎಣ್ಣೆ ಮಾತ್ರ ಏರುತ್ತೆ. ಅಂಬಾಸಿಡರಿಗೆ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸುವ ಸೌಲಭ್ಯವೂ ಉಂಟು. ಒತ್ತಡದ ದೀಪದ ಸ್ವಿಚ್ ಕೂರುವ ಜಾಗಕ್ಕೆ ನಾವು ಒಂದು ಮೆಕ್ಯಾನಿಕಲ್ ಮೀಟರ್ ಹಾಕಿದೆವು. ದೀಪ ನಂಬಿ ಇಂಜಿನ್ ಕಟ್ಟಬಾರದು. ಒತ್ತಡ ಸಾಮಾನ್ಯವಾಗಿ 5–7 ಪಿಎಸ್ಐಗೆ ಬಿದ್ದ ಮೇಲಷ್ಟೇ ಅದು ಹತ್ತುತ್ತೆ.

ಮೊದಲ ಸಲ ಹತ್ತು ಸೆಕೆಂಡ್ ತಿರುಗಿಸಿದೆವು. ಸೊನ್ನೆ. ನಿಲ್ಲಿಸಿ ಮತ್ತೆ ಹತ್ತು ಸೆಕೆಂಡ್. ಸೊನ್ನೆ.

ಸೊನ್ನೆ ಬಂದರೆ ಹುಡುಕಾಟ ಶುರುವಾಗೋದು ಕೆಳಗಿನಿಂದ. ಪಂಪಿನ ಮೊದಲೇ ಎಲ್ಲೋ ಗಾಳಿ ಹೊಗ್ತಿದೆ ಅಂತ ಮಿಸ್ತ್ರಿ ಅಂದಾಜು ಮಾಡಿದರು. ಗಾಳಿ ಸಿಕ್ಕರೆ ಪಂಪು ಎಣ್ಣೆ ಹೀರೋದಿಲ್ಲ, ತೂತು ಬಿದ್ದ ಸ್ಟ್ರಾದಲ್ಲಿ ಎಳನೀರು ಕುಡಿದಂಗೆ. ಚೇಂಬರ್ ಇಳಿಸಿ ನೋಡಿದರೆ ಹೀರುವ ಪೈಪು ಪಂಪಿಗೆ ಕೂಡುವಲ್ಲಿ ಹೊಸ ಗ್ಯಾಸ್ಕೆಟ್ಟೇ ಒಂದು ಕಡೆ ಸೀಳಿತ್ತು. ಬದಲಾಯಿಸಿ, ಪಂಪಿನೊಳಗೆ ಎಣ್ಣೆ ತುಂಬಿಸಿ, ಮತ್ತೆ ಕಟ್ಟಿದೆವು.

ಈ ಸಲ ಎಂಟನೇ ಸೆಕೆಂಡಿಗೆ ಮುಳ್ಳು ಅಲುಗಿತು. 20, 35, 50! ಅಪ್ಪ ಶೆಡ್ಡಿನ ಹೊರಗೆ ನಿಂತಿದ್ದವರು ಒಳಗೆ ಬಂದರು. ಪ್ಲಗ್ ಹಾಕಿ ಸ್ಟಾರ್ಟ್ ಮಾಡೇಬಿಡೋಣ ಅಂತ ಎಲ್ಲರಿಗೂ ಆತುರ.

ಮಿಸ್ತ್ರಿ ಮಾತ್ರ ಸ್ಪ್ಯಾನರ್ ಕೆಳಗಿಡಲಿಲ್ಲ. “ಮೀಟರ್ ನೋಡಿ ಕುಣೀಬ್ಯಾಡ್ರಿ. ಕೊನೀ ಹೊಲಾ ನೋಡೋಣ ತಡೀರಿ” ಅಂದರು.

ಹೆಡ್ಡಿನ ಮೇಲಿನ ತಗಡಿನ ಮುಚ್ಚಳ ತೆಗೆದು ಮತ್ತೆ ತಿರುಗಿಸಿದೆವು. ಮುಳ್ಳು 50ರಲ್ಲಿ ಗಟ್ಟಿಯಾಗಿ ನಿಂತಿದೆ. ಎಂಟು ರಾಕರ್‌ಗಳೂ ಒಣ ಒಣ. ಕಟ್ಟುವಾಗ ಕೈಯಿಂದ ಸವರಿದ ಎಣ್ಣೆ ಬಿಟ್ಟರೆ ಹನಿಯಿಲ್ಲ. ಅವತ್ತು ಸ್ಟಾರ್ಟ್ ಮಾಡಿದ್ದರೆ ಸದ್ದು ಚೆನ್ನಾಗೇ ಇರುತ್ತಿತ್ತು. ರಾಕರ್ ಬುಷ್‌ಗಳು, ಶಾಫ್ಟು ಮಾತ್ರ ಒಣಗಿ ಒಣಗಿ ತೇಯುತ್ತಿದ್ದವು.

ಔಷಧಿ ಹೊಡೆಯೋ ಪಂಪು

ನಮ್ಮ ಕಡೆ, ಅಥಣಿಯ ದ್ರಾಕ್ಷಿ ತೋಟಗಳಲ್ಲಿ, ಕೈಯಿಂದ ಗಾಳಿ ತುಂಬಿ ಔಷಧಿ ಹೊಡೆಯುವ ಸಣ್ಣ ಪಂಪು ಪ್ರತಿ ಮನೆಯಲ್ಲೂ ಇರುತ್ತೆ. ಔಷಧಿಯನ್ನೇ ಕಾಣದ ಒಂದು ಹೊಸ ಪಂಪು ತಂದು, ಬಿಸಿಲಲ್ಲಿ ಇಟ್ಟು ತೆಳುವಾದ ಇಂಜಿನ್ ಆಯಿಲ್ ತುಂಬಿ, ಅದರ ಪೈಪನ್ನು ಮೀಟರ್ ಕೂತಿದ್ದ ರಂಧ್ರಕ್ಕೆ ಜೋಡಿಸಿದೆವು. ಇನ್ನು ಸ್ಟಾರ್ಟರ್ ಬೇಕಿಲ್ಲ. ಇಂಜಿನ್ ನಿಂತಿದ್ದಾಗಲೇ ಮುಖ್ಯ ನಾಳಕ್ಕೆ ಒತ್ತಡದ ಎಣ್ಣೆ.

ಚೇಂಬರ್ ಇಳಿಸಿ ಕೆಳಗೆ ತಟ್ಟೆ ಇಟ್ಟು ಈ ಪರೀಕ್ಷೆ ಮಾಡಿದರೆ ಪ್ರತಿ ಬೇರಿಂಗೂ ತನ್ನ ಕಥೆ ಹೇಳುತ್ತೆ. ಹನಿ ಹನಿಯಾಗಿ ತೊಟ್ಟಿಕ್ಕಿದರೆ ಸಂದು ಸರಿ. ಧಾರೆಯಾಗಿ ಸುರಿದರೆ ಸಡಿಲ. ಏನೂ ಬರದಿದ್ದರೆ ದಾರಿ ಬಂದ್. ಕ್ರ್ಯಾಂಕನ್ನು ಕೈಯಿಂದ ನಿಧಾನ ಎರಡು ಸುತ್ತು ತಿರುಗಿಸುತ್ತಾ ನೋಡಬೇಕು. ತಿರುಗುವ ಭಾಗಗಳ ತೂತುಗಳು ಕೆಲವು ಸ್ಥಾನಗಳಲ್ಲಷ್ಟೇ ಒಂದಕ್ಕೊಂದು ಎದುರಾಗುತ್ತವೆ. ನಮ್ಮಲ್ಲಿ ಕೆಳಗೆ ಏಳೂ ಕಡೆ ಹನಿ ಬಿತ್ತು. ಮೇಲೆ ಮಾತ್ರ ಇಲ್ಲ.

ಸಾಫ್ಟ್‌ವೇರಿನಲ್ಲಿ ದೋಷ ಎಲ್ಲಿದೆ ಗೊತ್ತಾಗದಿದ್ದಾಗ ದಾರಿಯನ್ನು ಅರ್ಧಕ್ಕೆ ಕತ್ತರಿಸಿ, ಯಾವ ಅರ್ಧ ಸರಿಯಿದೆ ನೋಡಿ, ಉಳಿದ ಅರ್ಧವನ್ನು ಮತ್ತೆ ಕತ್ತರಿಸ್ತೀವಿ. ಇಲ್ಲೂ ಅದನ್ನೇ ಮಾಡಿದೆವು. ರಾಕರ್ ಶಾಫ್ಟ್ ಬಿಚ್ಚಿ ಪಕ್ಕಕ್ಕಿಟ್ಟು ಪಂಪು ಒತ್ತಿದೆವು: ಹೆಡ್ಡಿನ ಮೇಲಿನ ರಂಧ್ರದಿಂದ ಎಣ್ಣೆ ಬರಲಿಲ್ಲ. ಅಂದರೆ ಶಾಫ್ಟ್ ನಿರಪರಾಧಿ. ಹೆಡ್ ಬಿಚ್ಚಿ ಒತ್ತಿದೆವು: ಬ್ಲಾಕಿನ ಮುಖದ ರಂಧ್ರದಿಂದ ಎಣ್ಣೆ ಚಿಮ್ಮಿತು. ಹೆಡ್ ಗ್ಯಾಸ್ಕೆಟಿನ ತೂತು ಸರಿಯಾದ ಜಾಗದಲ್ಲೇ ಇತ್ತು. ಉಳಿದದ್ದು ಹೆಡ್ಡು.

ಹೆಡ್ಡಿನ ಆ ಸಣ್ಣ ರಂಧ್ರದ ಒಳಗೆ, ಟಾರ್ಚಿನ ಬೆಳಕು ಮುಟ್ಟದ ಜಾಗದಲ್ಲಿ, 2019ರ ಹೊಳಿ ಕೂತಿತ್ತು. ಬಿಸಿ ನೀರು, ಕೆಮಿಕಲ್ಲು, ಗಾಳಿ ಎಲ್ಲವನ್ನೂ ತಡೆದುಕೊಂಡ ಕಡಲೆ ಗಾತ್ರದ ಮಣ್ಣಿನ ಮುದ್ದೆ. ಹಳೇ ಕ್ಲಚ್ ವೈರಿನ ತುದಿಯ ಎಳೆಗಳನ್ನು ಬಿಡಿಸಿ, ಕೈಯಿಂದ ತಿರುಗಿಸುತ್ತಾ ಅರ್ಧ ದಿನ ಕೊರೆದ ಮೇಲೆ ಕಪ್ಪು ಪುಡಿ ಉದುರಿತು. ಆಮೇಲೆ ಗಾಳಿ, ಸೀಮೆಎಣ್ಣೆ, ಮತ್ತೆ ಗಾಳಿ. ಒಮ್ಮೆ ಬಿಗಿದ ಹೆಡ್ ಗ್ಯಾಸ್ಕೆಟ್ಟನ್ನು ಮತ್ತೆ ಬಳಸೋ ಹಾಗಿಲ್ಲ, ಹೊಸದು ಹಾಕಿದೆವು. ಸೀಲಂಟ್ ಹಚ್ಚೋ ಅಭ್ಯಾಸ ಇದ್ದರೆ ಎಣ್ಣೆ ತೂತಿನ ಸುತ್ತ ಕೈ ಬಿಗಿಹಿಡಿಯಿರಿ. ಉಕ್ಕಿ ಬಂದ ಒಂದು ಚೂರು ಸೀಲಂಟೇ ಇದೇ ಕೆಲಸ ಮಾಡುತ್ತೆ.

ಮತ್ತೆ ಪಂಪು ಒತ್ತಿದಾಗ ಒಂದೊಂದೇ ರಾಕರ್ ಹೊಳೆಯತೊಡಗಿತು. ಮುಂದಿನಿಂದ ಹಿಂದಿನ ತನಕ ಎಂಟೂ.

ಮೀಟರಿನ ಮುಳ್ಳು? ಮೊದಲು ಎಷ್ಟಿತ್ತೋ ಈಗಲೂ ಹೆಚ್ಚುಕಡಿಮೆ ಅಷ್ಟೇ. ಒಂದು ಸಣ್ಣ ಕವಲು ಮುಚ್ಚಿದ್ದರೂ ತೆರೆದಿದ್ದರೂ ಮುಖ್ಯ ನಾಳದ ಮೀಟರಿಗೆ ಅದು ಲೆಕ್ಕಕ್ಕೇ ಇಲ್ಲ.

ಲಕ್ಷಣ ನೋಡಿ ಜಾಗ ಹುಡುಕಿ

ಇಂಜಿನ್ ಯಾವುದೇ ಇರಲಿ, ಫಿಯೆಟ್ ಪದ್ಮಿನಿಯೋ, ಮಹೀಂದ್ರಾ ಜೀಪೋ, ಈ ಪಟ್ಟಿ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ.

● ಶುರುವಿನಿಂದಲೇ ಸೊನ್ನೆ: ಮೊದಲು ಬೇರೆ ಮೀಟರ್ ಹಾಕಿ ನೋಡಿ. ಆಮೇಲೆ ಎಣ್ಣೆ ಮಟ್ಟ, ಹೀರುವ ಪೈಪಿನ ಜಾಯಿಂಟ್, ಒಣ ಪಂಪು, ಪಂಪಿನ ಡ್ರೈವ್, ತೆರೆದೇ ಸಿಕ್ಕಿಕೊಂಡ ರಿಲೀಫ್ ವಾಲ್ವ್.

● ತಣ್ಣಗಿದ್ದಾಗ ಸರಿ, ಬಿಸಿಯಾದರೆ ಬೀಳುತ್ತೆ: ಬೇರಿಂಗ್ ಸಂದು ಹೆಚ್ಚಿರಬಹುದು, ಎಣ್ಣೆ ತೀರಾ ತೆಳುವಿರಬಹುದು. ಡಿಪ್‌ಸ್ಟಿಕ್ ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಇಂಜಿನ್ನಿಗೆ ಅಂಟಿದ ಪೆಟ್ರೋಲ್ ಪಂಪಿನ ಡಯಾಫ್ರಾಮ್ ಹರಿದು, ಪೆಟ್ರೋಲ್ ಎಣ್ಣೆಗೆ ಸೇರುತ್ತಿರಬಹುದು.

● ವೇಗ ಏರಿಸಿದರೂ ಒತ್ತಡ ಏರೋದಿಲ್ಲ: ರಿಲೀಫ್ ವಾಲ್ವಿನ ಸ್ಪ್ರಿಂಗ್ ಸೋತಿದೆ, ಅಥವಾ ಅದರ ಕೂರುವ ಜಾಗದಲ್ಲಿ ಕಸ ಸಿಕ್ಕಿದೆ.

● ವೇಗ ಏರಿದಂತೆ ಒತ್ತಡ ಬೀಳುತ್ತೆ: ಜಾಲರಿ ಕಟ್ಟಿಕೊಂಡಿದೆ, ಇಲ್ಲವೇ ಎಣ್ಣೆ ಕಮ್ಮಿ ಇದ್ದು ಪಂಪು ಗಾಳಿ ಹೀರುತ್ತಿದೆ.

● ಬಿಸಿಯಾದ ಮೇಲೂ ವಿಪರೀತ ಹೆಚ್ಚು: ರಿಲೀಫ್ ವಾಲ್ವ್ ಮುಚ್ಚಿ ಸಿಕ್ಕಿಕೊಂಡಿದೆ, ಎಣ್ಣೆ ತೀರಾ ದಪ್ಪ, ಇಲ್ಲವೇ ಮುಂದಿನ ದಾರಿ ಬಂದ್. ಖುಷಿಪಡಬೇಡಿ, ಹುಡುಕಿ.

● ಒತ್ತಡ ಸರಿ, ಮೇಲೆ ಒಣ: ಹೆಡ್ಡಿಗೆ ಏರುವ ಕವಲು, ಗ್ಯಾಸ್ಕೆಟ್ ತೂತು, ಕ್ಯಾಮ್ ಬೇರಿಂಗಿನ ತೂತು, ರಾಕರ್ ಶಾಫ್ಟ್.

ಇನ್ನೊಂದು ಎಚ್ಚರಿಕೆ. ಒತ್ತಡ ಕಮ್ಮಿ ಬಂದರೆ ರಿಲೀಫ್ ವಾಲ್ವಿನ ಸ್ಪ್ರಿಂಗಿಗೆ ವಾಷರ್ ತುರುಕಿ ಮುಳ್ಳು ಏರಿಸೋ ಉಪಾಯ ಕೆಲವರು ಹೇಳಿಕೊಡ್ತಾರೆ. ಸಡಿಲ ಬೇರಿಂಗ್ ಅದರಿಂದ ಬಿಗಿಯಾಗೋದಿಲ್ಲ. ಜ್ವರ ಹಾಗೇ ಇರುತ್ತೆ, ಥರ್ಮಾಮೀಟರಿನ ಅಂಕಿ ಮಾತ್ರ ಬದಲಾಗುತ್ತೆ.

ಓಡಿದ ಮೇಲೆ

ಮೊದಲ ಸ್ಟಾರ್ಟಿಗೆ ಸಾದಾ ಮಿನರಲ್ 20ಡಬ್ಲ್ಯೂ-50 ಎಣ್ಣೆ ಹಾಕಿದೆವು. ಬಿಸಿಯಾದ ಮೇಲೆ ಐಡಲ್‌ನಲ್ಲಿ 20ರ ಹತ್ತಿರ, ವೇಗದಲ್ಲಿ 50 ದಾಟಿತು. ಈ ಜಾತಿಯ ಇಂಜಿನ್ನಿಗೆ ಇದು ಆರೋಗ್ಯದ ಲಕ್ಷಣ. ಮೊದಲ 500 ಕಿಲೋಮೀಟರಿಗೇ ಎಣ್ಣೆ, ಫಿಲ್ಟರ್ ಬದಲಿಸಿ, ಹಳೇ ಫಿಲ್ಟರ್ ಕತ್ತರಿಸಿ ಮಡಿಕೆಗಳನ್ನು ಬಿಳಿ ಕಾಗದದ ಮೇಲೆ ಬಿಡಿಸಿ ನೋಡಿದೆವು. ಮಸಿಯಂಥ ಸಣ್ಣ ಪುಡಿ ಹೊಸ ಇಂಜಿನ್ನಿನಲ್ಲಿ ಸಹಜ. ಹೊಳೆಯುವ ಚೂರುಗಳು ಕಂಡರೆ ಬೇರಿಂಗ್ ಬಿಚ್ಚಲೇಬೇಕು. ನಮಗೆ ಚೂರು ಕಾಣಲಿಲ್ಲ. ಒಂದಿಷ್ಟು ಎರೆ ಮಣ್ಣಿನ ಕಣ ಮಾತ್ರ ಕಂಡಿತು. ಅದಕ್ಕೇ ಮುಂದಿನ ಸಾವಿರ ಕಿಲೋಮೀಟರಿಗೆ ಮತ್ತೊಮ್ಮೆ ಬದಲಿಸಿದೆವು.

ಹೊಸ ಕಾರು ಓಡಿಸುವವರಿಗೆ ಎರಡೇ ಮಾತು. ಎಣ್ಣೆಯ ಕೆಂಪು ದೀಪ ಓಡುವಾಗ ಹತ್ತಿದರೆ ‘ಮನೆ ಹತ್ತಿರಾನೇ ಇದೆ’ ಅನ್ನಬೇಡಿ. ಪಕ್ಕಕ್ಕೆ ನಿಲ್ಲಿಸಿ, ತಕ್ಷಣ ಇಂಜಿನ್ ಆಫ್ ಮಾಡಿ. ಕಾರು ನೀರಲ್ಲಿ ಮುಳುಗಿದ್ದರೆ, ಅದು ಕೃಷ್ಣೆಯ ನೀರಾಗಲಿ ಬೆಂಗಳೂರಿನ ಅಂಡರ್‌ಪಾಸಿನ ನೀರಾಗಲಿ, ಕೀಲಿ ತಿರುಗಿಸದೆ ಟೋ ಮಾಡಿಸಿ.

ಮಿಸ್ತ್ರಿಗೆ ಈಗ ಎಪ್ಪತ್ತರ ಹತ್ತಿರ ವಯಸ್ಸು. ಮಕ್ಕಳು ಬೇರೆ ಬೇರೆ ಕೆಲಸ ಹಿಡಿದಿದ್ದಾರೆ. ಅಂಗಡಿ ಇನ್ನೆಷ್ಟು ದಿನವೋ ಅವರಿಗೇ ತಿಳಿಯದು. ಅವರ ತಲೆಯಲ್ಲಿದ್ದ ಎಣ್ಣೆಯ ದಾರಿಯನ್ನೆಲ್ಲ ಕೇಳಿ ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. ಏಳು ಬೇರಿಂಗುಗಳ ಅಳತೆ, ಎಣ್ಣೆ ಬದಲಿಸಿದ ತಾರೀಖು, ಹೆಡ್ಡಿನ ಆ ರಂಧ್ರದ ಚಿತ್ರ ಎಲ್ಲಾ ಅದರಲ್ಲಿದೆ. ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದದ್ದು: ಕ್ರ್ಯಾಂಕ್ 30ರಲ್ಲಿದೆ, 40 ಇನ್ನೂ ಬಾಕಿ ಇದೆ. ಆ ಹತ್ತು ಥೌ ಮುಂದೆ ಈ ಗಾಡಿ ಓಡಿಸುವವರ ಪಾಲು.